ತಾಯಿ ಕಾರ್ಡು ಎಲ್ಲಿದೆ?

ಜೂನ್ ಹತ್ತಿರ ಬಂತು, ಶಾಲೆ ಶುರುವಾಗುವ ಹೊತ್ತು. ದಾದರಿನಲ್ಲಿ ಸುತ್ತಾಡಿ ಬ್ಯಾಗು, ಬೂಟು, ರೇನ್‌ಕೋಟು ಎಲ್ಲಾ ತಂದಿದ್ದೀರಿ. ಸಂತೋಷ. ಮಗುವಿನ ಲಸಿಕೆ ಬರೆದಿರುವ ತಾಯಿ ಕಾರ್ಡು ಎಲ್ಲಿದೆ? "ಊರಲ್ಲೇ ಇರಬೇಕು, ಅಮ್ಮನ ಕಪಾಟಿನಲ್ಲಿ" ಅಂತೀರಿ. ಗೊತ್ತಿತ್ತು ನನಗೆ.

ಬಾಣಂತನಕ್ಕೆ ಉಡುಪಿಗೋ ಕುಂದಾಪುರಕ್ಕೋ ಹೋಗುವುದು ಒಳ್ಳೆಯದೇ. ಆದರೆ ಹದಿನಾಲ್ಕನೇ ವಾರದ ಚುಚ್ಚುಮದ್ದು ಮುಗಿಸಿ ಮತ್ಸ್ಯಗಂಧಾ ರೈಲು ಹತ್ತುವಾಗ ಬಜೆ ಬೇರು ಮರೆಯುವುದಿಲ್ಲ, ತಾಯಿ ಕಾರ್ಡು ಮರೆಯುತ್ತೀರಿ. ಮೊನ್ನೆ ನಮ್ಮ ಕಟ್ಟಡದ ಒಬ್ಬಾಕೆ ಊರಿನಿಂದ ತರಿಸಿಕೊಂಡ ಕಾರ್ಡು ತೋರಿಸಿದರು. ಮಡಿಕೆಯಲ್ಲಿ ಹರಿದಿತ್ತು. ಮೇಲಿನ ಸಾಲುಗಳಲ್ಲಿ ನೀಲಿ ಶಾಯಿಯ ತಾರೀಕು. ಒಂಬತ್ತು ತಿಂಗಳಿಂದ ಕೆಳಗೆ ಬರೀ ಖಾಲಿ ಮನೆಗಳು. ಹುಡುಗನಿಗೆ ಆಗಲೇ ನಾಲ್ಕೂವರೆ!

ಒಂಬತ್ತು ತಿಂಗಳಿಗೊಂದು, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು, ಹೀಗೆ ದಡಾರ-ರುಬೆಲ್ಲಾ ಲಸಿಕೆ ಎರಡು ಸಲ ಆಗಲೇಬೇಕು. ತಪ್ಪಿದ್ದರೆ ಐದು ತುಂಬುವುದರೊಳಗೆ ಮುಂಬಯಿ ಪಾಲಿಕೆಯ ಹೆಲ್ತ್ ಪೋಸ್ಟಿನಲ್ಲಿ ಪುಕ್ಕಟೆ ಹಾಕುತ್ತಾರೆ. 2022ರಲ್ಲಿ ಗೋವಂಡಿಯಲ್ಲಿ ಗೋವರ್ ಹಬ್ಬಿ ಎಳೆಯ ಮಕ್ಕಳು ತೀರಿಕೊಂಡಾಗ ಪಾಲಿಕೆಯವರು ಮನೆಮನೆ ಅಲೆದು ಮಕ್ಕಳನ್ನು ಹುಡುಕಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವಂತೆ ಆಗಬಾರದು. ಈ ಗೋವರ್ ಬೇರೇನಲ್ಲ, ನಮ್ಮ ದಡಾರವೇ. ಮೈಮೇಲೆ ದದ್ದು ಏಳುವ ನಾಲ್ಕು ದಿನ ಮೊದಲೇ ಹರಡುತ್ತದೆ. ಒತ್ತೊತ್ತಾಗಿ ಕೂರುವ ತರಗತಿಯಲ್ಲಿ ಯಾರಿಂದ ಬಂತೆಂದು ತಿಳಿಯುವುದೇ ಇಲ್ಲ. ಬಂದರೆ "ಅಮ್ಮ ಎದ್ದಿದೆ" ಎಂದು ಬೇವಿನಸೊಪ್ಪು ಕಟ್ಟಿ ಮನೆಯಲ್ಲೇ ಕೂರಬೇಡಿ, ಡಾಕ್ಟರ ಹತ್ತಿರ ಓಡಿ.

ಶಾಲೆಗೆ ಸೇರಿಸಿದರೆ ಲಸಿಕೆ ಮುಗಿಯಿತು ಅಂದುಕೊಳ್ಳುವುದೂ ತಪ್ಪು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುವಿನ ಡಿಪಿಟಿ ಬೂಸ್ಟರ್ ಐದಾರು ವರ್ಷಕ್ಕೆ ಇದೆ. ಏಳು ದಾಟಿದರೆ ಆ ಡಿಪಿಟಿ ಕೊಡುವುದಿಲ್ಲ. ಹತ್ತಕ್ಕೆ, ಹದಿನಾರಕ್ಕೆ ಧನುರ್ವಾಯು-ಗಂಟಲಮಾರಿಯ ಟಿಡಿ. ಇವೇ ಹೆಚ್ಚು ಮರೆತುಹೋಗುವವು.

ಸಣ್ಣ ನೆಗಡಿಯ ನೆಪ ಹೇಳಿ ಮುಂದೂಡಬೇಡಿ. ನಡುವೆ ಒಂದು ತಪ್ಪಿದರೆ ಮೊದಲಿಂದ ಶುರುಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ತಡವಾಯಿತೆಂದು ಬೈಯುತ್ತಾರೆ ಎಂದು ಹೆದರಿ ಹೋಗದೆ ಉಳಿಯಬೇಡಿ. ಚುಚ್ಚಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಚುಚ್ಚಿದ ಜಾಗಕ್ಕೆ ಎಣ್ಣೆ, ಅರಿಶಿನ ಏನೂ ಹಚ್ಚಬೇಡಿ. ಶಾಲೆಯವರು ಕಾರ್ಡಿನ ಜೆರಾಕ್ಸ್ ಕೇಳಿದರೆ ಮುಖ ಸಿಂಡರಿಸಬೇಡಿ. ಕೇಳಲಿಲ್ಲವೆಂದು ಸುಮ್ಮನಿರಲೂ ಬೇಡಿ. ಕಾರ್ಡು ಕನ್ನಡದಲ್ಲಿದೆ, ಇಲ್ಲಿನ ನರ್ಸಿಗೆ ಅರ್ಥವಾಗದು ಅನ್ನುತ್ತೀರಾ? ಪಕ್ಕದಲ್ಲಿ ನಿಂತು ನೀವೇ ಓದಿ ಹೇಳಿ.

ಇವತ್ತು ರಾತ್ರಿ ಅಮ್ಮನಿಗೆ ಫೋನು ಮಾಡಿದಾಗ ಮೊದಲು ಕಪಾಟು ತೆಗೆಸಿ. ಕಾರ್ಡಿನ ಎರಡೂ ಬದಿಯ ಫೋಟೋ ಕಳಿಸಲು ಹೇಳಿ, ಮುಂದಿನ ವಾರ ಊರಿಂದ ಬರುವವರ ಕೈಯಲ್ಲಿ ಮೂಲ ಕಾರ್ಡನ್ನೇ ತರಿಸಿಕೊಳ್ಳಿ.