ಕುಡಚಡೆಯ ಸಂಜೆಯಲ್ಲಿ ಚಂದ್ರ, ಗ್ರಹ ಗುರುತಿಸಲು ಏಳು ಸೂತ್ರ

ಹುಬ್ಬಳ್ಳಿ ಕಡೆಯಿಂದ ಬಂದು ಗೋವೆಯ ಕುಡಚಡೆಯಲ್ಲಿ ನೆಲೆಸಿದ ಮನೆಗಳಲ್ಲಿ ಕನ್ನಡ ಕ್ಯಾಲೆಂಡರ್ ಇದ್ದೇ ಇರುತ್ತದೆ. ನಾವು ಅದನ್ನು ಹಬ್ಬ ಹರಿದಿನಕ್ಕಷ್ಟೇ ತಿರುವಿ ಹಾಕುತ್ತೇವೆ. ನಿಜಕ್ಕೂ ಅದು ಆಕಾಶದ ನಕ್ಷೆ. ದುರ್ಬೀನು ಕೊಳ್ಳುವ ಮೊದಲು ಅದನ್ನು ಓದಲು ಕಲಿಯಿರಿ.

1. ಬಿದಿಗೆಯಿಂದ ಶುರು ಮಾಡಿ. ಅಮಾವಾಸ್ಯೆ ಕಳೆದ ಎರಡನೇ ಅಥವಾ ಮೂರನೇ ಸಂಜೆ, ಸೂರ್ಯ ಮುಳುಗಿ ಅರ್ಧ ಗಂಟೆಯಾದ ಮೇಲೆ ಪಶ್ಚಿಮಕ್ಕೆ ನೋಡಿ. ತೆಳುವಾದ ಚಂದ್ರ ಸಿಗುತ್ತಾನೆ. ಮರುದಿನ ಅದೇ ಹೊತ್ತಿಗೆ ಸುಮಾರು 12 ಡಿಗ್ರಿ ಮೇಲಿರುತ್ತಾನೆ, ಸುಮಾರು 50 ನಿಮಿಷ ತಡವಾಗಿ ಮುಳುಗುತ್ತಾನೆ. ಅಷ್ಟಮಿಯ ಸಂಜೆಗೆ ನೆತ್ತಿಯ ಹತ್ತಿರ ಬಂದಿರುತ್ತಾನೆ. ಹುಣ್ಣಿಮೆಗೆ ಪೂರ್ವಕ್ಕೆ ತಿರುಗಿ. ಸಹ್ಯಾದ್ರಿ ಅಡ್ಡವಿರುವುದರಿಂದ ಕ್ಯಾಲೆಂಡರಿನ ಚಂದ್ರೋದಯಕ್ಕಿಂತ ಕೆಲವು ನಿಮಿಷ ಹೆಚ್ಚು ಕಾಯಬೇಕು.

2. ಸೂರ್ಯ ಮುಳುಗಿದ ಜಾಗದಿಂದ ಚಂದ್ರನ ಮೂಲಕ ಮನಸ್ಸಿನಲ್ಲೇ ಒಂದು ಗೆರೆ ಎಳೆಯಿರಿ. ಗ್ರಹಗಳೆಲ್ಲ ಆ ಗೆರೆಯ ಆಸುಪಾಸಿನಲ್ಲೇ ಇರುತ್ತವೆ. ಉತ್ತರ ದಿಗಂತದ ಬಳಿ ಎಷ್ಟೇ ಹೊಳೆಯುವ ಚುಕ್ಕಿ ಕಂಡರೂ ಅದು ಗ್ರಹವಲ್ಲ.

3. ಕೈಯಿಂದ ಅಳೆಯಿರಿ. ಚಾಚಿದ ಕೈಯ ಮುಷ್ಟಿ ಸುಮಾರು 10 ಡಿಗ್ರಿ. ಶುಕ್ರ ಸೂರ್ಯನಿಂದ 47 ಡಿಗ್ರಿಗಿಂತ ದೂರ ಹೋಗುವುದಿಲ್ಲ, ಬುಧ 28 ದಾಟುವುದಿಲ್ಲ. ಹಾಗಾಗಿ ನಡುರಾತ್ರಿ ನೆತ್ತಿಯ ಮೇಲೆ ಬೆಳಗುವುದು ಶುಕ್ರನಲ್ಲ, ಬಹುಶಃ ಗುರು.

4. ಹತ್ತು ನಿಮಿಷ ಬಿಡದೆ ನೋಡಿ. ಕುಡಚಡೆಯಿಂದ ದಾಬೋಲಿಂ ವಿಮಾನ ನಿಲ್ದಾಣ ವಾಯವ್ಯ ದಿಕ್ಕಿಗೆ. ನಿಮ್ಮ ಕಡೆ ಮುಖಮಾಡಿ ಹಾರುವ ವಿಮಾನದ ದೀಪ ಶುಕ್ರನಂತೆಯೇ ನಿಂತ ಹಾಗೆ ಕಾಣುತ್ತದೆ, ಆಮೇಲೆ ಸರಿಯುತ್ತದೆ. ನಕ್ಷತ್ರ ಮಿನುಗುತ್ತದೆ. ಗ್ರಹದ ಬೆಳಕು ಸ್ಥಿರ.

5. ಕ್ಯಾಲೆಂಡರಿನಲ್ಲಿ ಆ ದಿನದ ನಕ್ಷತ್ರ ನೋಡಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಸೂತ್ರ ಇದೇ. ರೋಹಿಣಿ ಎಂದಿದ್ದರೆ ಚಂದ್ರನ ಸಮೀಪದ ಕೆಂಪು ಚುಕ್ಕಿ ರೋಹಿಣಿ. ಮಘಾ, ಚಿತ್ತಾ, ಜ್ಯೇಷ್ಠಾ ಕೂಡ ಹೀಗೇ ಗುರುತಾಗುತ್ತವೆ. ಈ ನಾಲ್ಕು ಪರಿಚಯವಾದರೆ ಅವುಗಳ ನಡುವೆ ಬಂದ ಹೊಸಬ ಗ್ರಹವೆಂದು ತಾನಾಗಿ ತಿಳಿಯುತ್ತದೆ. ಗುರು ಒಂದು ರಾಶಿಯಲ್ಲಿ ಸುಮಾರು ಒಂದು ವರ್ಷ, ಶನಿ ಸುಮಾರು ಎರಡೂವರೆ ವರ್ಷ ಇರುತ್ತಾರೆ. ಒಮ್ಮೆ ಗುರುತು ಹಿಡಿದರೆ ತಿಂಗಳುಗಟ್ಟಲೆ ತಪ್ಪಿಹೋಗುವುದಿಲ್ಲ.

6. ಬೈನಾಕ್ಯುಲರ್ ಇದ್ದರೆ ಗೋಡೆಗೆ ಮೊಣಕೈ ಊರಿ ಗುರುವಿನತ್ತ ಹಿಡಿಯಿರಿ. 1610ರಲ್ಲಿ ಗೆಲಿಲಿಯೋ ಕಂಡ ನಾಲ್ಕು ಉಪಗ್ರಹಗಳು ಸಾಲಾಗಿ ಕಾಣುತ್ತವೆ. ಶನಿಯ ಉಂಗುರಕ್ಕೆ ಮಾತ್ರ ದೂರದರ್ಶಕವೇ ಬೇಕು. ಸೂರ್ಯ ಪೂರ್ತಿ ಮುಳುಗುವ ತನಕ ಬೈನಾಕ್ಯುಲರನ್ನು ಪಶ್ಚಿಮಕ್ಕೆ ತಿರುಗಿಸಲೇಬೇಡಿ, ಕಣ್ಣು ಹೋಗುತ್ತದೆ.

7. ಜಾಗ ಆರಿಸಿ. ಪೇಟೆಯ ದೀಪ ಬಿಟ್ಟು ಜುವಾರಿ ದಂಡೆಗೆ ಬಂದರೆ ಆಕಾಶ ತೆರೆದುಕೊಳ್ಳುತ್ತದೆ. ರಜೆಯ ದಿನ ಕೇಪೆ ದಾಟಿ ಪಾರೋಡದ ಚಂದ್ರನಾಥ ಬೆಟ್ಟಕ್ಕೆ ಹೋಗಬಹುದು. ಮೇಲೆ ಚಂದ್ರೇಶ್ವರ ಭೂತನಾಥ ದೇವಸ್ಥಾನವಿದೆ. ಗೋವೆಯ ಕದಂಬರು ಹಿಂದೆ ಆಳಿದ ಚಂದ್ರಪುರ, ಅಂದರೆ ಇಂದಿನ ಚಾಂದೋರ್, ಅಲ್ಲಿಗೆ ದೂರವಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೋಡ ಬಿಡುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿವರೆಗಿನ ಬಿದಿಗೆಗಳನ್ನು ಈಗಲೇ ಗುರುತು ಹಾಕಿಕೊಳ್ಳಿ, ಮಕ್ಕಳನ್ನು ತಪ್ಪದೆ ಕರೆದುಕೊಂಡು ಹೋಗಿ.