ಕೊಟ್ಟಿಗೆಯ ಸಲಕರಣೆ: ಇಡುವುದು ಯಾವುದು, ಬಿಡುವುದು ಯಾವುದು?



ಆಯುಧಪೂಜೆಯ ದಿನ ಕುಡುಗೋಲು, ಮಚ್ಚು, ಗುದ್ದಲಿ, ಮೇವು ಕತ್ತರಿಸುವ ಯಂತ್ರ ಎಲ್ಲವನ್ನೂ ತೊಳೆದು ಪೂಜಿಸುತ್ತೇವೆ. ಮಾರನೆಯ ದಿನ ಅವು ಮತ್ತೆ ಸೂರಿನ ಸಂದಿಗೆ, ಗೋದಲಿಯ ಮೂಲೆಗೆ ಸೇರುತ್ತವೆ. ಮುರಿದ ಕುಡುಗೋಲು, ತುಕ್ಕು ತಂತಿ, ಡೊಂಕು ಮೊಳೆ ಕೂಡ "ಯಾವತ್ತಾದರೂ ಬೇಕಾಗುತ್ತದೆ" ಎಂದು ಅಲ್ಲೇ ಉಳಿಯುತ್ತವೆ.

ಕುಣಿಗಲ್ ಕಡೆಯ ಸದಸ್ಯರೊಬ್ಬರು ಕರು ಹಾಕಿ ಮೂರು ವಾರವಾಗಿದ್ದ ಮಿಶ್ರತಳಿ ಹಸುವನ್ನು ನೋಡಲು ನನ್ನನ್ನು ಕರೆದಿದ್ದರು. ಹಸು ಮೇವು ಬಿಟ್ಟು, ಬೆನ್ನು ಬಾಗಿಸಿ ನಿಂತಿತ್ತು. ಗಂಗೆದೊಗಲು ಊದಿತ್ತು. ಅಜೀರ್ಣವೆಂದು ಹತ್ತು ದಿನ ಗೊಟ್ಟದಲ್ಲಿ ಮನೆಮದ್ದು ಕುಡಿಸಿದ್ದರು. ಹಸು ಉಳಿಯಲಿಲ್ಲ. ಮರಣೋತ್ತರ ಪರೀಕ್ಷೆಯಲ್ಲಿ ಹೃದಯದ ಚೀಲಕ್ಕೆ ಚುಚ್ಚಿದ್ದ ಎರಡು ಅಂಗುಲದ ತಂತಿ ಸಿಕ್ಕಿತು. ಹುಲ್ಲು ಹೊರುವ ಮಂಕರಿಯ ಅಂಚಿಗೆ ತಾವೇ ಸುತ್ತಿದ್ದ ತಂತಿ ಅದೆಂದು ಮನೆಯವರು ಗುರುತಿಸಿದರು.

ಹೀಗೇಕೆ ಆಗುತ್ತದೆ?

ದನ ಮೇವನ್ನು ನಾಲಿಗೆಯಿಂದ ಸುತ್ತಿ ಎಳೆದು, ಸರಿಯಾಗಿ ಅಗಿಯದೆ ನುಂಗುತ್ತದೆ. ಅದರೊಂದಿಗೆ ಹೋದ ಮೊಳೆ, ತಂತಿ ಎರಡನೆಯ ಹೊಟ್ಟೆಯಾದ ಜಾಲಜಠರದಲ್ಲಿ ನಿಲ್ಲುತ್ತದೆ. ಅದರ ಮುಂದೆ ತೆಳುವಾದ ವಪೆ, ಅದರಾಚೆ ಹೃದಯ. ತುಂಬು ಗಬ್ಬದಲ್ಲಿ ಮತ್ತು ಕರು ಹಾಕುವಾಗ ಒತ್ತಡ ಹೆಚ್ಚಿ ಚೂಪು ವಸ್ತು ಮುಂದಕ್ಕೆ ಚುಚ್ಚಬಹುದು. ಬೇಗ ತಿಳಿದರೆ ಅಯಸ್ಕಾಂತ ನುಂಗಿಸಿಯೋ ಶಸ್ತ್ರಚಿಕಿತ್ಸೆ ಮಾಡಿಯೋ ಉಳಿಸಬಹುದು. ಹೃದಯಕ್ಕೆ ಚುಚ್ಚಿದ ಮೇಲೆ ಉಳಿಯುವುದು ಅಪರೂಪ.

ಏನು ಮಾಡಬೇಕು?

ಕೊಟ್ಟಿಗೆಯ ಸಲಕರಣೆಗಳನ್ನೆಲ್ಲ ಅಂಗಳಕ್ಕೆ ತಂದು ನಾಲ್ಕು ಗುಡ್ಡೆ ಮಾಡಿ.

1. ದಿನವೂ ಬೇಕಾದವು: ಕುಡುಗೋಲು, ಮಚ್ಚು, ಸಲಿಕೆ, ಪೊರಕೆ. ಗೋದಲಿಗೆ ಎದುರಾದ ಗೋಡೆಯಲ್ಲಿ, ಮಕ್ಕಳ ಕೈಗೆ ಎಟುಕದಂತೆ ಗೂಟಕ್ಕೆ ತೂಗುಹಾಕಿ. ಒಂದೊಂದಕ್ಕೂ ಒಂದೊಂದು ಗೂಟವಿದ್ದರೆ ಯಾವುದು ಇಲ್ಲವೆಂಬುದು ತಕ್ಷಣ ತಿಳಿಯುತ್ತದೆ. ಸಗಣಿ ಬಾಚುವ ಸಲಿಕೆ, ಮಂಕರಿಗಳನ್ನು ಮೇವಿಗೆ ಬಳಸಬೇಡಿ.

2. ಹಾಲಿನವು: ಸ್ಟೀಲ್ ಬಕೆಟ್, ಕ್ಯಾನ್, ಸೋಸುವ ಬಟ್ಟೆ. ಇವು ಕೊಟ್ಟಿಗೆಯಲ್ಲಿ ಇರಲೇಬಾರದು. ತೊಳೆದು ಬಿಸಿಲಿನಲ್ಲಿ ಬೋರಲು ಹಾಕಿ, ಮನೆಯೊಳಗಿಡಿ.

3. ರಿಪೇರಿಯವು: ಹಿಡಿ ಸಡಿಲವಾದವು, ಮೊಂಡಾದವು. ವಾರದೊಳಗೆ ಕುಲುಮೆಗೆ ಒಯ್ಯಿರಿ. ಹಾಗೆ ಒಯ್ಯದವನ್ನು ನಾಲ್ಕನೆಯ ಗುಡ್ಡೆಗೆ ಸೇರಿಸಿ.

4. ಬೇಡವಾದವು: ತುಂಡು ತಂತಿ, ಮೊಳೆ, ಮುರಿದ ಅಲಗು. ಮುಚ್ಚಳವಿರುವ ಡಬ್ಬಿಗೆ ಹಾಕಿ ಗುಜರಿಗೆ ಕೊಡಿ. ತಿಪ್ಪೆಗೆ ಎಸೆದರೆ ಗೊಬ್ಬರದೊಡನೆ ಹೊಲಕ್ಕೆ ಹೋಗಿ ಮೇವಿನೊಡನೆ ಮರಳಿ ಬರಬಹುದು. ಕೀಟನಾಶಕದ ಖಾಲಿ ಡಬ್ಬಿಗಳನ್ನು ತೂತು ಮಾಡಿ ಬೇರೆಯಾಗಿಡಿ. ಎಷ್ಟು ತೊಳೆದರೂ ನೀರಿಗೆ, ಹಿಂಡಿಗೆ ಬಳಸಬೇಡಿ.

ಮಂಕರಿ, ಗೋದಲಿ, ಬೇಲಿಗಳನ್ನು ತಂತಿಯ ಬದಲು ಹುರಿಯಿಂದ ಬಿಗಿಯಿರಿ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಕೋಲಿಗೆ ಕಟ್ಟಿ ಕತ್ತರಿಸಿದ ಮೇವಿನಲ್ಲಿ ಆಡಿಸಿದರೆ ಕಬ್ಬಿಣದ ಚೂರುಗಳು ಅಂಟಿಕೊಳ್ಳುತ್ತವೆ. ತಾಮ್ರ, ಅಲ್ಯೂಮಿನಿಯಂ ತಂತಿ ಅಂಟುವುದಿಲ್ಲ. ಅವನ್ನು ಕಣ್ಣಿಟ್ಟೇ ಹೆಕ್ಕಬೇಕು.

ಹಾಲು ಏಕಾಏಕಿ ಇಳಿದು, ಹಸು ಬೆನ್ನು ಬಾಗಿಸಿ ನಿಂತರೆ, ಮಲಗುವಾಗ ಏಳುವಾಗ ನರಳಿದರೆ, ಇಳಿಜಾರಿನಲ್ಲಿ ನಡೆಯಲು ಹಿಂಜರಿದರೆ ಗೊಟ್ಟ ಹಿಡಿಯಬೇಡಿ. ಅದೇ ದಿನ ಸಂಘದ ಮೂಲಕ ಪಶುವೈದ್ಯರನ್ನು ಕರೆಸಿ.