ವಾಪಸ್ ಕಳಿಸುವ ಮುಂಚೆ

ಹೊಸ ಇಯರ್‌ಫೋನಿನಲ್ಲಿ ಬಾಸ್ ಸತ್ತಿದೆ ಎಂದು ಬರೆದಿದ್ದೀರಿ. ಮೊದಲು ತುದಿಯ ಸಿಲಿಕೋನ್ ರಬ್ಬರ್ ಬದಲಿಸಿ ನೋಡಿ. ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಅಳತೆ ಇರುತ್ತವೆ. ಕಿವಿಯ ನಾಳ ಪೂರ್ತಿ ಮುಚ್ಚದಿದ್ದರೆ ಮೊದಲು ಸೋರುವುದೇ ತಗ್ಗು ಸ್ವರ. ಮೃದಂಗದ ಎಡಗಡೆ ಪೊಳ್ಳಾಗಿ ಕೇಳುತ್ತದೆ. ಎರಡೂ ಕಿವಿಗೆ ಒಂದೇ ಅಳತೆ ಹೊಂದಬೇಕೆಂದೇನೂ ಇಲ್ಲ. ತೂರಿಸುವಾಗ ಬರುವ ಸಣ್ಣ ಚಿಟ್ ಸದ್ದಿಗೆ ಹೆದರಬೇಡಿ, ಗಾಳಿಯೊತ್ತಡಕ್ಕೆ ಇಯರ್‌ಫೋನಿನ ಒಳಗಿನ ಪರದೆ ಬಾಗುವ ಸದ್ದದು.

ಸ್ನೇಹಿತರ ಇಯರ್‌ಫೋನ್ ಜತೆ ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಕೊಳ್ಳಿ. ಇಲ್ಲದಿದ್ದರೆ ಜೋರಾಗಿರುವುದೇ ಚೆನ್ನಾಗಿದೆ ಅನಿಸಿಬಿಡುತ್ತದೆ. ನಿಮಗೆ ಬಾಯಿಪಾಠವಾದ ಹಾಡನ್ನೇ ಹಾಕಿ. ಗಾಯಕಿಯ 'ಸ', 'ಶ' ಕಿವಿ ಚುಚ್ಚಿದರೆ ಆ ಕಾಟ ದಿನವೂ ತಪ್ಪಿದ್ದಲ್ಲ. '20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್' ಎಂಬ ಮುದ್ರಣ, 'ನಾಲ್ಕು ಡ್ರೈವರ್' (ಸದ್ದು ಹೊರಡಿಸುವ ಭಾಗ) ಎಂಬ ಜಂಬ, ಎರಡನ್ನೂ ಮರೆತುಬಿಡಿ. ಚೆನ್ನಾಗಿ ಹದಗೊಳಿಸಿದ ಒಂದೇ ಡ್ರೈವರ್ ಸಾಕು.

ಗಟ್ಟಿತನದ ವಿಷಯದಲ್ಲಿ ಲೋಹದ ಹೊಳಪಿಗಿಂತ ವೈರ್ ಮುಖ್ಯ. ಸಾಮಾನ್ಯವಾಗಿ ಹಾಳಾಗುವುದು ಜಾಕ್ ಬುಡದಲ್ಲೇ. 0.78 ಮಿ.ಮೀ. ಎರಡು ಪಿನ್ನಿನ, ಬಿಚ್ಚಿ ಹಾಕುವ ವೈರ್ ಇದ್ದರೆ ವೈರ್ ಮಾತ್ರ ಬದಲಿಸಬಹುದು. ನಿಮ್ಮದರಲ್ಲಿ ಅದಿಲ್ಲ, ರಬ್ಬರ್ ಬದಲಿಸಿದರೂ ಬಾಸ್ ಬರುತ್ತಿಲ್ಲ ಎಂದಾದರೆ ವಾಪಸಾತಿಯ ಅವಧಿ ಮುಗಿಯುವ ಮುಂಚೆ ಹಿಂದಿರುಗಿಸಿ.